ಸಾಹುಕಾರನಿಗೆ ಸೊಪ್ಪು ತಿನ್ನಿಸಲು ಹೋಗಿ

ಹಕ್ಕಿಗೆ ಯಾವ ಕಾಯಿಲೆಯೂ ಬಂದಿರಲಿಲ್ಲ. ನಾನು ಅದಕ್ಕೆ ಊಟ ಕೊಟ್ಟಿರಲಿಲ್ಲ. ಅಷ್ಟೇ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮಂಡಿ ಮೊಹಲ್ಲಾದ ನಮ್ಮ ಬೀದಿಯಲ್ಲಿ ಈಗಾಗಲೇ ನಾಲ್ಕು ಕಥೆ ಓಡಾಡುತ್ತಿವೆ. ಹಕ್ಕಿಗೆ ದೃಷ್ಟಿ ತಾಗಿತ್ತು ಎನ್ನುವುದು ಒಂದು. ಬೆಕ್ಕು ನೋಡಿ ಹೆದರಿಕೊಂಡಿತ್ತು ಎನ್ನುವುದು ಇನ್ನೊಂದು. ಪಕ್ಕದ ಗೋಡೌನಿನ ಒಣಮೆಣಸಿನಕಾಯಿ ಘಾಟು ನೆತ್ತಿಗೆ ಹತ್ತಿತ್ತು ಎನ್ನುವುದು ಮೂರನೆಯದು. ನಾಲ್ಕನೆಯ ಕಥೆಯಲ್ಲಿ ಹಕ್ಕಿ ಸತ್ತೇ ಹೋಗಿದೆ. ನಾವು ಅದೇ ಬಣ್ಣದ ಇನ್ನೊಂದನ್ನು ತಂದು ಮೊಮ್ಮಗಳಿಗೆ ಟೋಪಿ ಹಾಕುತ್ತಿದ್ದೇವೆ. (ಈ ನಾಲ್ಕನೆಯದನ್ನು ಹುಟ್ಟಿಸಿದವರು ಯಾರೆಂದು ನನಗೆ ಗೊತ್ತು. ಅವರೂ ಪ್ರತಿ ವಾರ ಈ ಅಂಕಣ ಓದುತ್ತಾರೆ. ನಮಸ್ಕಾರ.)

ಹಕ್ಕಿ ಬದುಕಿದೆ. ಜೋರಾಗಿಯೇ ಇದೆ. ನಾನು ಇದನ್ನು ಬರೆಯುವಾಗ ಕಿವಿಯ ಪಕ್ಕದಲ್ಲೇ ಕಿರುಚುತ್ತಿದೆ. ಆದ್ದರಿಂದ ಸಮಾಧಾನವಾಗಿ ಕೂತು ಓದಿ.

ನನ್ನ ಮೊಮ್ಮಗಳು ಸಿಂಚನಾಗೆ ಹತ್ತು ವರ್ಷ. ಹೋದ ಸಲದ ಹುಟ್ಟುಹಬ್ಬಕ್ಕೆ ಅವಳಪ್ಪ ಒಂದು ನೀಲಿ ಹಕ್ಕಿ ತಂದುಕೊಟ್ಟ. ನಮ್ಮ ಕಡೆ ಇದನ್ನು ಎಲ್ಲರೂ ಲವ್ ಬರ್ಡ್ಸ್ ಅನ್ನುತ್ತಾರೆ. ಇರುವುದು ಒಂದು, ಯಾರ ಜೊತೆ ಲವ್ವು? ಅದು ಲವ್ ಬರ್ಡ್ ಅಲ್ಲ, ಬಡ್ಜಿ ಎಂದು ಆಮೇಲೆ ಡಾಕ್ಟರು ತಿದ್ದಿದರು. ಸಿಂಚನಾ ಇಟ್ಟ ಹೆಸರು ಸ್ಕೈ. ನಾನು ಕರೆಯುವುದು ಸಾಹುಕಾರ ಅಂತ. ಬೆಳಗಿನಿಂದ ಸಂಜೆಯವರೆಗೆ ಕೂತ ಕಡೆ ಕೂತು, ಮುಂದಿಟ್ಟ ನವಣೆ ತಿಂದು, ಸಿಪ್ಪೆ ಸುತ್ತಲೂ ಉಗಿದು, ಗುಡಿಸಲು ಬಂದವಳ ಮೇಲೆ ಕೂಗಾಡುವವನನ್ನು ಇನ್ನೇನೆಂದು ಕರೆಯುತ್ತಾರೆ?

ಗುಡಿಸುವವಳು ನಾನು. ಅದನ್ನೂ ಹೇಳಿಬಿಡುತ್ತೇನೆ.

ಮಗ ಮಹೇಶನಿಗೆ ಸ್ಕೂಟರ್ ಸೀಟು ಹೊಲಿಯುವ ಅಂಗಡಿ. ಸೊಸೆ ಲತಾ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಾಳೆ. ಸಿಂಚನಾಗೆ ಸ್ಕೂಲು. ಒಂಬತ್ತೂವರೆಯ ಮೇಲೆ ಮನೆಯಲ್ಲಿ ಉಳಿಯುವವರು ಇಬ್ಬರೇ, ನಾನು ಮತ್ತು ಸಾಹುಕಾರ. ನಾನು ಮಿಕ್ಸಿ ಹಾಕಿದರೆ ಅವನು ಅದಕ್ಕಿಂತ ಜೋರಾಗಿ ಕೂಗುತ್ತಾನೆ. ಮಿಕ್ಸಿ ನಿಲ್ಲಿಸಿದರೆ ತಾನೇ ಗೆದ್ದೆ ಅನ್ನುವ ಹಾಗೆ ಕತ್ತು ಕುಣಿಸುತ್ತಾನೆ.

ಎರಡು ವಾರದ ಹಿಂದೆ ಅವನ ಉಗುರು ಕತ್ತರಿಸಲು ರಾಮಕೃಷ್ಣನಗರದ ಒಬ್ಬ ಪ್ರಾಣಿ ಡಾಕ್ಟರ ಹತ್ತಿರ ಹೋಗಿದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಾತ್ರ ಗಟ್ಟಿ. ಹಕ್ಕಿಯನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ನೋಡಿ ಹುಬ್ಬು ಗಂಟು ಹಾಕಿದರು.

"ದಪ್ಪ ಆಗಿದ್ದಾನೆ. ಏನ್ ತಿಂತಾನೆ?"

"ನವಣೆ," ಎಂದೆ.

"ನವಣೆ ಜೊತೆಗೆ?"

"ಇನ್ನೂ ನವಣೆ."

"ಬರೀ ಕಾಳು ತಿಂದ್ರೆ ಲಿವರ್ ಕೆಡುತ್ತೆ ಅಜ್ಜಿ. ಸೊಪ್ಪು, ತರಕಾರಿ ಅಭ್ಯಾಸ ಮಾಡ್ಸಿ. ನಿಧಾನಕ್ಕೆ," ಎಂದು ಒಂದು ಚೀಟಿ ತುಂಬಾ ಏನೇನೋ ಬರೆದು ಕೊಟ್ಟರು.

ನನ್ನ ಕಿವಿಗೆ ಸೊಪ್ಪು ಎನ್ನುವುದು ಬಿತ್ತು. ನಿಧಾನಕ್ಕೆ ಎನ್ನುವುದು ಬೀಳಲಿಲ್ಲ.

ಯಾಕೆ ಬೀಳಬೇಕು? ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ ಪಕ್ಕದ ಫುಟ್‌ಪಾತಿನಲ್ಲಿ ಗೋಣಿಚೀಲ ಹಾಸಿಕೊಂಡು ಮೂವತ್ತು ವರ್ಷ ಸೊಪ್ಪು ಮಾರಿದವಳು ನಾನು. ಕಟ್ಟು ಕೈಗೆ ತೆಗೆದುಕೊಂಡರೆ ಸಾಕು, ನಿನ್ನೆ ಕಿತ್ತದ್ದೋ ಇವತ್ತು ಬೆಳಿಗ್ಗೆ ಕಿತ್ತದ್ದೋ ಹೇಳುತ್ತೇನೆ. ಯಾವುದಕ್ಕೆ ಔಷಧಿ ಹೊಡೆದಿದ್ದಾರೆ, ಯಾವುದನ್ನು ಚರಂಡಿ ನೀರಲ್ಲಿ ಅದ್ದಿ ಹಸಿರು ಮಾಡಿದ್ದಾರೆ, ಮೂಸಿ ಹೇಳುತ್ತೇನೆ. ಅಂಥವಳಿಗೆ ಒಂದು ಅಂಗೈಯಗಲದ ಹಕ್ಕಿಗೆ ಸೊಪ್ಪು ತಿನ್ನಿಸುವುದನ್ನು ಹೇಳಿಕೊಡುತ್ತಾರಂತೆ!

ಸಿಂಚನಾ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಓದಲಿಲ್ಲ. ಓದಲು ಬರುತ್ತದೆ, ಏಳನೇ ಕ್ಲಾಸು ಪಾಸು. ಆದರೆ ಕನ್ನಡಕ ಹುಡುಕಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದರ ಅಗತ್ಯ ಕಾಣಲಿಲ್ಲ.

"ಒಂದ್ ವಾರ ಇವನ ಅಡುಗೆ ನಂದು. ನೀನು ಕೈ ಹಾಕ್ಬೇಡ. ಮುಂದಿನ ಭಾನುವಾರ ಇವನು ಕಟ್ಟುಗಟ್ಟಲೆ ತಿಂತಿರ್ತಾನೆ ನೋಡ್ತಿರು," ಎಂದು ಮೊಮ್ಮಗಳಿಗೆ ಸವಾಲು ಹಾಕಿದೆ.

"ಪಕ್ಕಾ ತಾನೇ ಅಜ್ಜಿ?"

"ನಾನು ಸೊಪ್ಪು ಮಾರಿದವಳು ಕಣೇ!"

ಸೋಮವಾರ ದಂಟಿನ ಸೊಪ್ಪು ತಂದೆ. ಎಳೆಯದು, ಉಗುರು ತಾಗಿದರೆ ಮುರಿಯುವಂಥದ್ದು. ಮೂರು ನೀರಲ್ಲಿ ತೊಳೆದು ಸಣ್ಣಗೆ ಹೆಚ್ಚಿ ಪುಟ್ಟ ಬಟ್ಟಲಲ್ಲಿ ಇಟ್ಟೆ. ಸಾಹುಕಾರ ಬಟ್ಟಲ ಕಡೆ ಒಂದು ಕಣ್ಣಲ್ಲಿ ನೋಡಿದ. ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲೂ ನೋಡಿದ. ಆಮೇಲೆ ನನಗೆ ಬೆನ್ನು ಹಾಕಿ ಕೂತ.

ಮಂಗಳವಾರ ಕ್ಯಾರೆಟ್. ಕೋಸಂಬರಿಗೆ ತುರಿಯುವ ಹಾಗೆ ತುರಿದು ಇಟ್ಟೆ. (ಉಪ್ಪು, ನಿಂಬೆಹಣ್ಣು ಹಾಕಲಿಲ್ಲ. ಅಷ್ಟು ಬುದ್ಧಿ ಇತ್ತು.) ಅವನು ಹಾವು ಕಂಡವನಂತೆ ಪಂಜರದ ಇನ್ನೊಂದು ಮೂಲೆಗೆ ಹಾರಿ, ಕಂಬಿ ಹಿಡಿದು ನೇತಾಡುತ್ತಾ ಚೀರಿದ. ಕ್ಯಾರೆಟ್ ತೆಗೆಯುವವರೆಗೆ ಕೆಳಗಿಳಿಯಲಿಲ್ಲ.

ಬುಧವಾರ ಮೆಂತ್ಯ. ಈ ಸಲ ಹೆಚ್ಚಲಿಲ್ಲ. ತೊಳೆದ ಕಟ್ಟನ್ನು ಹಾಗೇ ನೀರು ತೊಟ್ಟಿಕ್ಕುತ್ತಿರುವಾಗ ಕಂಬಿಗೆ ಸಿಕ್ಕಿಸಿದೆ. ಸಾಹುಕಾರ ಬಂದ. ಹತ್ತಿರ ಬಂದ. ಸೊಪ್ಪಿನ ಒಳಕ್ಕೇ ಹೋದ! ನನಗೆ ಎದೆ ಉಬ್ಬಿತು. ಸಿಂಚನಾಳನ್ನು ಕೂಗಿ ಕರೆದೆ. ಅವಳು ಬಂದು ನೋಡಿ ಬಿದ್ದು ಬಿದ್ದು ನಕ್ಕಳು.

ಅವನು ಸ್ನಾನ ಮಾಡುತ್ತಿದ್ದ. ಒದ್ದೆ ಎಲೆಗೆ ಬೆನ್ನು ಉಜ್ಜಿ, ರೆಕ್ಕೆ ಒದ್ದೆ ಮಾಡಿಕೊಂಡು, ತಲೆ ಕೊಡವಿ, ಮೈಯೆಲ್ಲ ನೆಂದಾಗ ಮೇಲಿನ ಕಡ್ಡಿಗೆ ಹೋಗಿ ಕೂತು ಗರಿ ಒಣಗಿಸಿಕೊಂಡ. ಒಂದು ಎಲೆಯನ್ನೂ ಬಾಯಿಗಿಡಲಿಲ್ಲ.

ಮೂವತ್ತು ವರ್ಷದಲ್ಲಿ ನನ್ನ ಸೊಪ್ಪು ಬಾಡಿದೆ ಎಂದವರಿದ್ದಾರೆ, ಮರಳು ಇದೆ ಎಂದವರಿದ್ದಾರೆ. ಅದರಲ್ಲಿ ಮಿಂದು ಹೋದ ಗಿರಾಕಿ ಇವನೊಬ್ಬನೇ.

ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತೆ, ಒಂದ್ ಒಗ್ಗರಣೆ ಹಾಕ್ಕೊಡಿ, ತಿಂತಾನೆ," ಎಂದಳು. ಮಹೇಶ ಫೋನಿನಿಂದ ತಲೆ ಎತ್ತದೆ, "ಸೋಪೂ ಕೊಟ್ಬುಡವ್ವ, ತಲೆ ತೊಳ್ಕೊಳ್ಳಿ," ಎಂದ.

ನಗಲಿ, ನಕ್ಕರೆ ನನಗೇನು? ಆದರೆ ಮೊಮ್ಮಗಳು ಹೇಳಿದ ಮಾತು ಚುಚ್ಚಿತು. "ಪರ್ವಾಗಿಲ್ಲ ಅಜ್ಜಿ. ನಿಂಗೆ ಆಗ್ದಿದ್ರೆ ಯೂಟ್ಯೂಬ್ ನೋಡೋಣ."

ನನಗೆ ಆಗದಿದ್ದರೆ!

ಗುರುವಾರ ಬೆಳಿಗ್ಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಈ ತೀರ್ಮಾನ ಹೊಸದಲ್ಲ. ಇಬ್ಬರು ಮಕ್ಕಳನ್ನು ಇದರಿಂದಲೇ ಬೆಳೆಸಿದ್ದೇನೆ. ಮಹೇಶ ಎಂಟು ವರ್ಷದವನಿದ್ದಾಗ ಹಾಗಲಕಾಯಿ ಪಲ್ಯ ಬೇಡ ಎಂದು ತಟ್ಟೆ ತಳ್ಳಿದ್ದ. ನಾನು ಹೊಡೆಯಲಿಲ್ಲ, ಬೈಯಲಿಲ್ಲ, ಇನ್ನೊಂದು ಮಾಡಿಯೂ ಕೊಡಲಿಲ್ಲ. "ಹಸಿವಾದಾಗ ತಿನ್ನು, ಇಲ್ಲೇ ಮುಚ್ಚಿಟ್ಟಿರ್ತೀನಿ," ಎಂದು ವ್ಯಾಪಾರಕ್ಕೆ ಹೋದೆ. ಸಂಜೆ ಬಂದಾಗ ತಟ್ಟೆ ಖಾಲಿ. ಅವತ್ತಿನಿಂದ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ, ಮಕ್ಕಳ ಹಟಕ್ಕೆ ಹೊಟ್ಟೆಯೇ ಮೇಷ್ಟ್ರು ಎಂದು. ನಮ್ಮ ಬೀದಿಯ ಎಷ್ಟೋ ತಾಯಂದಿರಿಗೆ ಇದೇ ಬುದ್ಧಿವಾದ ಕೊಟ್ಟಿದ್ದೇನೆ. ನಿಮಗೂ ಕೊಟ್ಟಿರಬೇಕು.

ಹಾಗಾಗಿ ಸಾಹುಕಾರನಿಗೂ ಅದೇ ಮದ್ದು. ಸೊಪ್ಪು ತಿನ್ನುವವರೆಗೆ ಹೊಸ ಕಾಳು ಇಲ್ಲ.

ಪೂರಾ ಕಟುಕಿ ಅಂದುಕೊಳ್ಳಬೇಡಿ. ಬಟ್ಟಲಲ್ಲಿ ಬುಧವಾರ ಹಾಕಿದ ನವಣೆ ಅರ್ಧಕ್ಕಿಂತ ಹೆಚ್ಚೇ ಇತ್ತು. ನಮ್ಮ ಮನೆಯಲ್ಲಿ ಹಳೆಯದು ಮುಗಿಯದೆ ಡಬ್ಬಿಗೆ ಹೊಸದು ಬೀಳುವುದಿಲ್ಲ. ಅಕ್ಕಿಗೂ ಅದೇ ಕಾನೂನು, ಉಪ್ಪಿನಕಾಯಿಗೂ ಅದೇ. ಅದನ್ನು ಮುಗಿಸಲಿ, ಆಮೇಲೆ ಸೊಪ್ಪಿಗೆ ಬರುತ್ತಾನೆ ಎಂದುಕೊಂಡೆ. ಸಿಂಚನಾಗೆ ಹೇಳಲಿಲ್ಲ. ಹೇಳಿದರೆ ಅಳುತ್ತಾಳೆ, ಕದ್ದು ಕಾಳು ಹಾಕುತ್ತಾಳೆ.

ಶುಕ್ರವಾರ ಸಾಹುಕಾರ ದಿನವಿಡೀ ಕಿರುಚಿದ. ಬಟ್ಟಲಿಗೆ ಇಳಿಯುವುದು, ಕೆದಕುವುದು, ಹತ್ತಿ ಬಂದು ನನ್ನನ್ನು ನೋಡಿ ಕಿರುಚುವುದು. ನಾನು ಬಟ್ಟಲು ನೋಡಿದೆ. ಇನ್ನೂ ಅರ್ಧ ಇದೆ. ಹಟ ಮಾಡ್ತಾ ಇದ್ದಾನೆ, ಇಳಿಯುತ್ತೆ ಬಿಡು ಎಂದು ಕೊತ್ತಂಬರಿ ಸೊಪ್ಪು ಸಿಕ್ಕಿಸಿ ಸುಮ್ಮನಾದೆ.

ಶನಿವಾರ ಮಧ್ಯಾಹ್ನ ಚಟ್ನಿಗೆ ಮಿಕ್ಸಿ ಹಾಕಿದೆ. ಆಮೇಲೆ ನಿಲ್ಲಿಸಿದೆ. ಮನೆಯಲ್ಲಿ ಸದ್ದೇ ಇಲ್ಲ.

ಕೈ ಒರೆಸಿಕೊಂಡು ಹಾಲಿಗೆ ಬಂದೆ. ಅಷ್ಟರಲ್ಲಿ ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಸಿಂಚನಾ, ಬ್ಯಾಗ್ ಕೂಡ ಇಳಿಸದೆ ಪಂಜರದ ಮುಂದೆ ನಿಂತಿದ್ದಳು.

"ಅಜ್ಜಿ, ಇವನ್ಯಾಕೆ ಕೆಳಗೆ ಕೂತವ್ನೆ?"

ಸಾಹುಕಾರ ಪಂಜರದ ತಳದಲ್ಲಿ, ಹಾಸಿದ್ದ ಪೇಪರಿನ ಮೇಲೆ ಕೂತಿದ್ದ. ಗರಿಯೆಲ್ಲ ಉಬ್ಬಿಸಿಕೊಂಡು ಉಣ್ಣೆ ಉಂಡೆಯ ಹಾಗೆ ಆಗಿದ್ದ. ಕಣ್ಣು ಅರ್ಧ ಮುಚ್ಚಿತ್ತು. ಬೆರಳು ಮುಂದಿಟ್ಟರೆ ಕಚ್ಚಲೂ ಇಲ್ಲ.

ಆಟೋ ಹಿಡಿದೆವು. ಪಂಜರಕ್ಕೆ ಟವೆಲ್ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಕೋಳೀನಾ ಅಮ್ಮ?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

ಸಿಂಚನಾ ಟವೆಲಿನ ಒಳಗೆ ಬೆರಳು ತೂರಿಸಿಕೊಂಡು ಕೂತಿದ್ದಳು. ಅರ್ಧ ದಾರಿಗೆ ಬಂದಾಗ ಮೆಲ್ಲಗೆ ಹೇಳಿದಳು. "ಅಜ್ಜಿ, ನಿನ್ನೆ ನಾನು ಕಿಟಕಿ ತೆಗ್ದಿದ್ದೆ. ಗಾಳಿಗೆ ಶೀತ ಆಯ್ತಾ? ನನ್ನಿಂದ ಹಿಂಗಾಯ್ತಾ?"

ಅಲ್ಲೇ ಹೇಳಬೇಕಿತ್ತು. ಕಿಟಕಿ ಅಲ್ಲ ಮಗಾ, ಕಾಳು ನಿಲ್ಲಿಸಿದ್ದೀನಿ ಅಂತ. ಐದು ಪದ. ನಾನು ಹೇಳಲಿಲ್ಲ. ಬಟ್ಟಲಲ್ಲಿ ಅರ್ಧ ಕಾಳು ಇದೆಯಲ್ಲ, ಬೇರೆ ಏನೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. "ಏನಿಲ್ಲ ಸುಮ್ನಿರು," ಎಂದೆ. ಅವಳು ಕಿಟಕಿಯ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೇ ಕೂತಳು.

ಡಾಕ್ಟರು ಹಕ್ಕಿಯನ್ನು ಕೈಯಲ್ಲಿ ಹಿಡಿದು ಎದೆಮೂಳೆ ಸವರಿ ನೋಡಿದರು. ತೂಕ ಹಾಕಿದರು. ಅವರ ಮುಖ ಬದಲಾಯಿತು.

"ಏನಾದ್ರೂ ತಿಂತಿದ್ದಾನಾ?"

"ಕಾಳು ಇದೆ ಡಾಕ್ಟ್ರೇ. ನೋಡಿ, ಬಟ್ಟಲಲ್ಲಿ ಅರ್ಧ ಹಂಗೇ ಇದೆ. ಅವನೇ ತಿಂತಿಲ್ಲ," ಎಂದೆ.

ಡಾಕ್ಟರು ಪಂಜರದಿಂದ ಬಟ್ಟಲು ತೆಗೆದರು. ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಬಟ್ಟಲಿಗೆ ಬಾಯಿ ಹತ್ತಿರ ತಂದು ಉಫ್ ಎಂದು ಊದಿದರು.

ಎಲ್ಲ ಹಾರಿಹೋಯಿತು. ಟೇಬಲ್ಲಿನ ಮೇಲೆ, ಅವರ ಕೋಟಿನ ಮೇಲೆ, ನನ್ನ ಸೀರೆಯ ಮೇಲೆ. ಬಟ್ಟಲ ತಳ ಕಾಣಿಸಿತು. ಒಂದು ಕಾಳೂ ಇರಲಿಲ್ಲ.

ಬರೀ ಹೊಟ್ಟು.

ಈ ಹಕ್ಕಿಗಳು ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ಸಿಪ್ಪೆ ಸುಲಿದು, ಒಳಗಿನದನ್ನು ತಿಂದು, ಸಿಪ್ಪೆಯನ್ನು ಬಟ್ಟಲಿಗೇ ಬೀಳಿಸುತ್ತವೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದ ಹಾಗೇ ಇರುತ್ತದೆ. ಗೊತ್ತಿಲ್ಲದವರು ಮೋಸ ಹೋಗುತ್ತಾರೆ ಎಂದು ಡಾಕ್ಟರು ಹೇಳಿದರು. ಗೊತ್ತಿಲ್ಲದವರು! ನಾನು ಕೈಗೆ ಮೊರ ಹಿಡಿದದ್ದು ಆರನೇ ವಯಸ್ಸಿನಲ್ಲಿ. ರಾಗಿ ಕೇರಿದ್ದೇನೆ, ಅವರೆ ಕೇರಿದ್ದೇನೆ, ಹೊಟ್ಟು ಯಾವುದು ಕಾಳು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅದೇ ಸಿಪ್ಪೆಯನ್ನು ದಿನಾ ಗುಡಿಸಿದ್ದೇನೆ. ಆದರೂ ಮೂರು ದಿನ ಆ ಬಟ್ಟಲನ್ನು ನೋಡಿದ ನಾನು ಒಂದು ಸಲವೂ ಬೆರಳು ಹಾಕಿ ನೋಡಲಿಲ್ಲ. ಯಾಕೆ? ಅವನು ಹಟ ಮಾಡುತ್ತಿದ್ದಾನೆ ಎಂದು ನಾನು ಮೊದಲೇ ತೀರ್ಪು ಕೊಟ್ಟಾಗಿತ್ತು.

"ಕಾಳು ಹಾಕೋದು ಯಾರು?" ಡಾಕ್ಟರು ಸಿಂಚನಾಳ ಕಡೆ ತಿರುಗಿ ಕೇಳಿದರು.

ಹುಡುಗಿಯ ಮುಖ ಬಿಳಿಚಿಕೊಂಡಿತು. "ನಾನೇ... ಈ ವಾರ..."

"ನಾನು," ಎಂದೆ. "ಈ ವಾರ ನಾನು. ಅವಳದ್ದೇನೂ ಇಲ್ಲ, ಕಿಟಕಿದೂ ಇಲ್ಲ. ಸೊಪ್ಪು ತಿನ್ಲಿ ಅಂತ ಬೇಕೂಂತಲೇ ಕಾಳು ನಿಲ್ಲಿಸಿದ್ದೆ. ಹಸಿದ್ರೆ ತಾನೇ ತಿಂತಾನೆ ಅಂತ. ನನ್ನ ಮಕ್ಳೂ ಹಂಗೇ ಕಲ್ತಿದ್ದು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೊದಲು ಡ್ರಾಪರಿನಲ್ಲಿ ಅವನ ಕೊಕ್ಕಿನ ಪಕ್ಕಕ್ಕೆ ಏನೋ ಎರಡು ಹನಿ ಬಿಟ್ಟರು, ಬೆಚ್ಚಗಿರಲಿ ಎಂದು ಲೈಟಿನ ಕೆಳಗೆ ಒಂದು ಡಬ್ಬಿಯಲ್ಲಿ ಕೂರಿಸಿದರು. ಒಂದು ನವಣೆ ತೆನೆಯನ್ನು ಅವನ ಮುಂದೆ ಇಟ್ಟರು. ಆಮೇಲೆ ನನ್ನ ಹತ್ತಿರ ಬಂದರು.

"ಅಜ್ಜಿ, ನಿಮ್ಮ ಮಕ್ಕಳಿಗೆ ಸೊಪ್ಪು ಊಟ ಅಂತ ಗೊತ್ತಿತ್ತು. ಇಷ್ಟ ಇರ್ಲಿಲ್ಲ, ಅಷ್ಟೆ. ಇವನಿಗೆ ಅದು ತಿನ್ನೋ ವಸ್ತು ಅಂತಾನೇ ಗೊತ್ತಿಲ್ಲ. ನಿಮ್ಮ ಮುಂದೆ ಒಂದ್ ತಟ್ಟೆ ಇಟ್ಟಿಗೆ ಚೂರು ಇಟ್ಟು, ಹಸಿವಾದ್ರೆ ತಿಂತೀರಾ ಬಿಡಿ ಅಂದ್ರೆ ತಿಂತೀರಾ? ಇಟ್ಟಿಗೆ ಪಕ್ಕದಲ್ಲೇ ಹಸಿದು ಬಿದ್ದಿರ್ತೀರಿ. ಇವು ಪುಟ್ಟ ಜೀವ. ಇನ್ನೊಂದ್ ದಿನ ಬಿಟ್ಟಿದ್ರೆ ಉಳೀತಿರ್ಲಿಲ್ಲ."

ಮೂವತ್ತು ವರ್ಷದ ನನ್ನ ಸೊಪ್ಪನ್ನು ಇಟ್ಟಿಗೆ ಚೂರಿಗೆ ಹೋಲಿಸಿದವರು ಇವರೇ ಮೊದಲು.

ಎಷ್ಟು ಹೊತ್ತು ಕಾದೆವೋ ಗೊತ್ತಿಲ್ಲ. ಡಬ್ಬಿಯ ಒಳಗಿಂದ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಟಕ್ ಟಕ್ ಎಂದಿತು. ಸಿಂಚನಾ ಬಗ್ಗಿ ನೋಡಿದಳು. ಸಾಹುಕಾರ ತೆನೆಯ ಮೇಲೆ ಒಂದು ಕಾಲಿಟ್ಟುಕೊಂಡು ಕಾಳು ಸುಲಿಯುತ್ತಿದ್ದ. ಸಿಪ್ಪೆ ಅತ್ತ ಇತ್ತ ಬೀಳುತ್ತಿತ್ತು. ಗುಡಿಸುವ ಕೆಲಸ ನನ್ನ ಕಣ್ಣಿಗೆ ಅಷ್ಟು ಚೆಂದ ಎಂದೂ ಕಂಡಿರಲಿಲ್ಲ.

ಆಗ ಡಾಕ್ಟರು ಪಾಠ ಶುರು ಮಾಡಿದರು. ಈ ಸಲ ಪ್ರತಿ ಮಾತೂ ಕೇಳಿಸಿಕೊಂಡೆ. ಮನೆಯಲ್ಲಿ ಇಂಥ ಹಕ್ಕಿ ಇರುವವರು ನೀವೂ ಕೇಳಿಸಿಕೊಳ್ಳಿ. ಕಾಳು ಯಾವತ್ತೂ ನಿಲ್ಲಿಸಬಾರದು. ದಿನಾ ಬೆಳಿಗ್ಗೆ ಬಟ್ಟಲು ಊದಿ, ಹೊಟ್ಟು ಹಾರಿಸಿ, ಹೊಸ ಕಾಳು ಹಾಕಬೇಕು. ಸೊಪ್ಪೋ ತರಕಾರಿಯೋ ಒಂದು ಸಲಕ್ಕೆ ಒಂದೇ ಬಗೆ, ಚಿಟಿಕೆಯಷ್ಟು. ಅದಕ್ಕೆ ಹೊಂದಿಕೊಂಡ ಮೇಲೆ ಇನ್ನೊಂದು. ಚೆನ್ನಾಗಿ ತೊಳೆದಿರಬೇಕು. ಎರಡು ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡಬೇಕು, ನಮ್ಮ ಸೆಕೆಗೆ ಹಳಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಒಗ್ಗರಣೆ ಬೇಡವೇ ಬೇಡ. ಬಟರ್‌ಫ್ರೂಟ್ ಅಂತೂ ವಿಷ. ಪಾಲಕ್ ದಿನಾ ಬೇಡ. ಹಿಕ್ಕೆ ನೀರಾದರೆ, ಹಕ್ಕಿ ಉಬ್ಬಿಕೊಂಡು ಕೂತರೆ ಕಾಯಬಾರದು, ಕರೆದುಕೊಂಡು ಬರಬೇಕು. ವಾರಗಟ್ಟಲೆ ಹಿಡಿಯಬಹುದು, ತಿಂಗಳೂ ಆಗಬಹುದು.

(ಇದೆಲ್ಲ ಫ್ರಿಜ್ಜಿನ ಮೇಲಿನ ಚೀಟಿಯಲ್ಲೇ ಇತ್ತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಮೊದಲ ಸಾಲು: ಕಾಳು ನಿಲ್ಲಿಸಬೇಡಿ.)

"ಸರಿ ಡಾಕ್ಟ್ರೇ, ಎಲ್ಲಾ ಮಾಡ್ತೀನಿ. ಆದ್ರೆ ಸೊಪ್ಪು ಊಟ ಅಂತ ಇವನಿಗೆ ತಿಳಿಸೋದು ಹೆಂಗೆ?" ಎಂದೆ.

"ಗುಂಪಲ್ಲಿ ಬದುಕೋ ಹಕ್ಕಿ ಇದು. ಜೊತೆಯವರು ಏನ್ ತಿಂತಾರೋ ನೋಡಿ ತಾನೂ ತಿನ್ನುತ್ತೆ. ಮನೇಲಿ ಇವನ ಜೊತೆ ಜಾಸ್ತಿ ಇರೋದು ಯಾರು?"

"ಅಜ್ಜಿ," ಎಂದಳು ಸಿಂಚನಾ.

"ಹಂಗಾದ್ರೆ ಅಜ್ಜಿಯೇ ಇವನ ಗುಂಪು. ನೀವು ಇವನ ಮುಂದೆ ಕೂತ್ಕೊಂಡು ಊಟ ಮಾಡಿ ಅಜ್ಜಿ. ಸೊಪ್ಪು, ಕ್ಯಾರೆಟ್ ಎಲ್ಲಾ. ನೀವು ದಿನಾ ಎಲ್ಲಿ ಕೂತು ತಿಂತೀರೋ ಅಲ್ಲಿಗೆ ಪಂಜರ ತಂದಿಟ್ಕೊಂಡ್ರೆ ಸಾಕು."

ನಾನು ಬಾಯಿ ತೆರೆಯುವ ಮುಂಚೆ ಮೊಮ್ಮಗಳು ಹೇಳಿದಳು. ನನ್ನ ಮುಖ ನೋಡದೆ, ಡಬ್ಬಿಯನ್ನೇ ನೋಡುತ್ತಾ ಹೇಳಿದಳು.

"ಅಜ್ಜಿ ತಿನ್ನೋದನ್ನ ನಾನೇ ನೋಡಿಲ್ಲ ಡಾಕ್ಟ್ರೇ."

ಕುಹಕವಲ್ಲ, ದೂರೂ ಅಲ್ಲ. ಇರುವುದನ್ನು ಹೇಳಿದಳು.

ನಿಜ. ನಾನು ಎಲ್ಲಿ ತಿನ್ನುತ್ತೇನೆ? ಒಲೆಯ ಪಕ್ಕ ನಿಂತುಕೊಂಡು. ಎಲ್ಲರದೂ ಆದ ಮೇಲೆ. ತಟ್ಟೆಯೂ ಇಲ್ಲ, ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಉಳಿದ ಸಾರು ಸುರಿದುಕೊಂಡು, ಒಂದು ಕೈಯಲ್ಲಿ ಕಟ್ಟೆ ಒರೆಸುತ್ತಾ. ಪಲ್ಯ ಉಳಿದಿದ್ದರೆ ಪಲ್ಯ, ಇಲ್ಲದಿದ್ದರೆ ಇಲ್ಲ. ಇದನ್ನು ಯಾರೂ ನನ್ನ ಮೇಲೆ ಹೇರಲಿಲ್ಲ. ಅತ್ತೆ ಹಾಗೆ ತಿನ್ನುತ್ತಿದ್ದರು, ನಾನೂ ಹಾಗೇ ಕಲಿತೆ. ಮೂವತ್ತು ವರ್ಷ ಊರಿಗೆಲ್ಲ "ಸೊಪ್ಪು ತಿನ್ಸಿ ಅಮ್ಮ, ಮಕ್ಕಳಿಗೆ ರಕ್ತ ಆಗುತ್ತೆ" ಎಂದು ಕೂಗಿ ಮಾರಿದವಳು ಮಧ್ಯಾಹ್ನಕ್ಕೆ ತಿಂದದ್ದು ಬನ್ನು ಮತ್ತು ಟೀ.

ಇದನ್ನು ಓದುತ್ತಿರುವ ಅಮ್ಮಂದಿರೇ, ನೀವು ಇವತ್ತು ಏನು ತಿಂದಿರಿ? ಯಾರಾದರೂ ನೋಡಿದರಾ?

ಗಂಡಸರು ನಗಬೇಡಿ, ನಿಮ್ಮ ಸರದಿಯೂ ಇದೆ. ನಮ್ಮ ಮಹೇಶ ಮಗಳಿಗೆ "ಫೋನ್ ಇಡು" ಎನ್ನುವುದು ಫೋನ್ ನೋಡುತ್ತಲೇ. ನಮ್ಮ ಬೀದಿಯ ಒಬ್ಬರು ಅವರಪ್ಪನಿಗೆ ಬೆಳಿಗ್ಗೆ ವಾಕಿಂಗ್ ಹೋಗಿ ಎಂದು ಬುದ್ಧಿ ಹೇಳುವುದು ಮಲಗಿದಲ್ಲಿಂದ. ನಾವು ಬಡಿಸುವುದರಲ್ಲಿ ಜೋರು. ಹೇಳುವುದರಲ್ಲಿ ಇನ್ನೂ ಜೋರು. ತಿಂದು ತೋರಿಸು ಎಂದರೆ ಮಾತ್ರ ಕೈಯಲ್ಲಿ ಬೇರೆ ಏನೋ ಕೆಲಸ ಇರುತ್ತದೆ.

ವಾಪಸು ಬರುವಾಗ ಸಿಂಚನಾ ಆಟೋದಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಪಂಜರವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ನಾನು ಕೇಳಿದರೂ ಕೊಡಲಿಲ್ಲ. ಅತ್ತಿದ್ದರೆ ಸುಲಭವಿತ್ತು. ಸಮಾಧಾನ ಮಾಡಬಹುದಿತ್ತು.

ಸಂಜೆ ಮಹೇಶ, ಲತಾ ಬಂದ ಮೇಲೆ ನಡೆದದ್ದನ್ನು ನಾನೇ ಹೇಳಿದೆ. ಮುಚ್ಚಿಡಲಿಲ್ಲ. ಹೇಳುವಾಗ ಹಾಗಲಕಾಯಿಯ ವಿಷಯವೂ ಬಂತು. ನಿನಗೆ ಕೆಲಸ ಮಾಡಿತ್ತಲ್ಲ, ಇವನಿಗೂ ಮಾಡುತ್ತೆ ಅಂದುಕೊಂಡಿದ್ದೆ ಎಂದೆ.

ಮಹೇಶ ಫೋನ್ ಕೆಳಗಿಟ್ಟ. (ಹೌದು, ಇಟ್ಟ.) ಕತ್ತು ಕೆರೆದುಕೊಂಡ.

"ಅವ್ವ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಆ ಹಾಗಲಕಾಯಿ ನಾನು ತಿಂದಿರ್ಲಿಲ್ಲ."

"ತಟ್ಟೆ ಖಾಲಿ ಇತ್ತಲ್ಲೋ!"

"ಹಿತ್ತಲ ಮೋರಿಗೆ ಸುರಿದ್ಬುಟ್ಟೆ. ಪಕ್ಕದ ಮನೆಗೋಗಿ ಅನ್ನ ಮೊಸರು ಉಂಡ್ಬಂದ್ಬುಟ್ಟೆ. ನೀನು ಊರೆಲ್ಲ ಹೇಳ್ಕೊಂಡ್ ಓಡಾಡ್ತಿದ್ದೆ, ಎಂಗೆ ಹೇಳ್ಲಿ?"

ಲತಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ನಗು ಕೇಳಿಸಿತು. ಮೂವತ್ತು ವರ್ಷಕ್ಕೂ ಹಳೆಯ ನನ್ನ ಸಿದ್ಧಾಂತ, ಅರ್ಧ ಮಂಡಿ ಮೊಹಲ್ಲಾಕ್ಕೆ ನಾನು ಹಂಚಿದ ಬುದ್ಧಿವಾದ, ಒಂದು ಮೋರಿಯಲ್ಲಿ ಹೋಗಿತ್ತು. ಈಗ ಅದನ್ನು ಪಾಲಿಸಿದ ತಾಯಂದಿರೆಲ್ಲ ದಯವಿಟ್ಟು ನಿಮ್ಮ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ವಿಚಾರಿಸಿ.

ಮಹೇಶನ ಮಾತಿಗೆ ಸಿಂಚನಾಳ ತುಟಿಯೂ ಸ್ವಲ್ಪ ಅಲ್ಲಾಡಿತು. ನಾನು ನೋಡಿದ ತಕ್ಷಣ ಮುಖ ತಿರುಗಿಸಿಕೊಂಡಳು.

ಮಾರನೆಯ ದಿನ ಭಾನುವಾರ. ಎದ್ದು ಮುಖ ತೊಳೆದು ಮೊದಲು ಸಾಹುಕಾರನ ಬಟ್ಟಲು ತೆಗೆದೆ. ಊದಿದೆ. ಹೊಸ ನವಣೆ ಹಾಕಿ, ಬೆರಳಿಟ್ಟು ಆಡಿಸಿ ನೋಡಿದೆ. ಆಮೇಲೆ ಒಂದು ಕ್ಯಾರೆಟ್ಟು, ನಾಲ್ಕು ಕಡ್ಡಿ ಕೊತ್ತಂಬರಿ ತೊಳೆದುಕೊಂಡೆ. ಒಂದು ಕಡ್ಡಿಯನ್ನು ಪಂಜರದ ಕಂಬಿಗೆ ಸಿಕ್ಕಿಸಿದೆ. ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡೆ. ಒಳ್ಳೆಯ ತಟ್ಟೆ, ನೆಂಟರಿಗೆ ಇಡುವಂಥದ್ದು. ಪಂಜರದ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

ಮನೆಯಲ್ಲಿ ಯಾರಿಗೂ ಇನ್ನೂ ಕಾಫಿ ಆಗಿರಲಿಲ್ಲ. ಲತಾ ಕೂದಲು ಕಟ್ಟಿಕೊಳ್ಳುತ್ತಾ ರೂಮಿನಿಂದ ಬಂದವಳು ಅಲ್ಲೇ ನಿಂತುಬಿಟ್ಟಳು. ಈ ಮನೆಗೆ ಬಂದು ಹನ್ನೆರಡು ವರ್ಷದಲ್ಲಿ ನಾನು ಕೂತು ತಿನ್ನುವುದನ್ನು ಅವಳೂ ನೋಡಿರಲಿಲ್ಲ ಅನ್ನಿಸುತ್ತದೆ.

"ಅತ್ತೆ, ಹುಷಾರಿಲ್ವಾ?"

"ಹುಷಾರಾಗಿದೀನಿ. ಕಾಫಿ ನೀನೇ ಇಡು. ನಾನು ಊಟ ಮಾಡ್ತಿದೀನಿ."

ಮೊದಲ ತುತ್ತು ನುಂಗುವುದು ಕಷ್ಟವಾಯಿತು. ಕ್ಯಾರೆಟ್ಟಿನಿಂದಲ್ಲ. ಎಲ್ಲರ ಮುಂದೆ, ಎಲ್ಲರಿಗಿಂತ ಮೊದಲು ಬಾಯಾಡಿಸುವುದು ಏನೋ ಕದ್ದು ತಿಂದ ಹಾಗಿತ್ತು. ಆದರೂ ಕರುಂ ಕರುಂ ಎಂದು ಸದ್ದು ಮಾಡಿಕೊಂಡೇ ಅಗಿದೆ. ಸಾಹುಕಾರ ಮೇಲಿನ ಕಡ್ಡಿಯಿಂದ ಕೆಳಗಿನ ಕಡ್ಡಿಗೆ ಬಂದ. ಅಡ್ಡಡ್ಡ ಹೆಜ್ಜೆ ಹಾಕಿಕೊಂಡು ನನ್ನ ಹತ್ತಿರದ ತುದಿಗೆ ಸರಿದ. ಒಂದು ಕಣ್ಣಲ್ಲಿ ನೋಡಿದ. ತಲೆ ತಿರುಗಿಸಿ ಇನ್ನೊಂದರಲ್ಲಿ ನೋಡಿದ. ಕೊತ್ತಂಬರಿ ಕಡ್ಡಿಯನ್ನು ಕೊಕ್ಕಿನಲ್ಲಿ ಒಮ್ಮೆ ಹಿಡಿದು ಬಿಟ್ಟ.

ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಸಿಂಚನಾ ನಿದ್ದೆಗಣ್ಣಲ್ಲೇ ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ತಟ್ಟೆಯಿಂದ ಒಂದು ಕ್ಯಾರೆಟ್ ಚೂರು ಎತ್ತಿಕೊಂಡಳು. ನಿನ್ನೆ ಮಧ್ಯಾಹ್ನದಿಂದ ಮುಚ್ಚಿದ್ದ ಬಾಯಿ ತೆರೆದಳು.

"ಅಜ್ಜಿ, ನಿಲ್ಲಿಸ್ಬೇಡ. ನಿನ್ನೇ ನೋಡ್ತವ್ನೆ."

ಹಸಿ ಕ್ಯಾರೆಟ್ ನನಗೆ ಒಂದು ಚೂರೂ ಹಿಡಿಸಲಿಲ್ಲ. ಆದರೂ ಮುಖ ಕಿವುಚದೆ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡೆ.